ಬೆನ್ನ ಮೇಲಿನ ಬಿಲ್ಲೆ

ನಮ್ಮ ಬಚ್ಚಲುಮನೆಯ ಕನ್ನಡಿಯ ಎಡ ಅಂಚಿನಲ್ಲಿ ಅಮ್ಮನ ಹಣೆಬೊಟ್ಟುಗಳ ಒಂದು ಸಾಲಿದೆ. ರಾತ್ರಿ ಮುಖ ತೊಳೆಯುವ ಮುಂಚೆ ಸ್ಟಿಕ್ಕರನ್ನು ಹಣೆಯಿಂದ ಕಿತ್ತು ಕನ್ನಡಿಗೆ ಅಂಟಿಸುವುದು, ಬೆಳಿಗ್ಗೆ ಅದನ್ನೇ ತೆಗೆದು ಮತ್ತೆ ಹಣೆಗಿಟ್ಟುಕೊಳ್ಳುವುದು ಅವಳ ಬಹಳ ಹಳೆಯ ಅಭ್ಯಾಸ. ಅಪ್ಪ ಹೋದ ಮೇಲೆ ಬೊಟ್ಟು ಬಿಡಲು ಹೊರಟಿದ್ದವಳನ್ನು ಅಕ್ಕ ಗದರಿಸಿ ತಡೆದಿದ್ದಳು. ಆಮೇಲೆ ಮರೆವು ಶುರುವಾಯಿತು. ಕನ್ನಡಿಗೆ ಅಂಟಿಸುವುದು ನೆನಪಿರುತ್ತಿತ್ತು, ತೆಗೆದುಕೊಳ್ಳುವುದು ಮರೆತುಹೋಗುತ್ತಿತ್ತು. ಸಾಲು ಬೆಳೆಯುತ್ತಾ ಹೋಯಿತು.

ಒಂದು ಬೆಳಿಗ್ಗೆ ಆ ಸಾಲಿನ ಕೊನೆಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟಗಲದ, ಮೈಬಣ್ಣದ ಒಂದು ಬಿಲ್ಲೆ ಅಂಟಿಕೊಂಡಿತ್ತು. ಹಿಂದಿನ ದಿನ ಅಮ್ಮನ ತೋಳಿಗೆ ಹಚ್ಚಿದ್ದ ಔಷಧಿಯ ಪ್ಯಾಚ್ ಅದು. ನನಗೆ ನಗು ಬಂತು. ಫೋಟೊ ತೆಗೆದು ತಿಪಟೂರಿನಲ್ಲಿರುವ ಅಕ್ಕನಿಗೆ ಕಳಿಸಿದೆ. ಅವಳು ನಗುವ ಮುಖದ ಮೂರು ಚಿತ್ರ ಕಳಿಸಿದಳು. ನನ್ನ ಹೆಂಡತಿ ಮಾತ್ರ ನಗಲಿಲ್ಲ. "ಪಕ್ಕದ ಮನೆ ಮಗು ದಿನಾ ಇಲ್ಲಿಗೆ ಕೈ ತೊಳೆಯೋಕೆ ಬರುತ್ತೆ. ಅದು ತೆಗೆದು ತನ್ನ ಕೈಗೆ ಅಂಟಿಸ್ಕೊಂಡ್ರೆ?" ಅಂದಳು. ಅಂಟಿಸುವಂಥದ್ದು ಏನು ಕಂಡರೂ ಮಕ್ಕಳು ಮಾಡುವ ಮೊದಲ ಕೆಲಸ ಅದೇ ತಾನೇ.

ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಬಿಲ್ಲೆ. ಡಾಕ್ಟರ ಚೀಟಿಯಲ್ಲಿ ಇದ್ದದ್ದು ರಿವಾಸ್ಟಿಗ್ಮಿನ್ ಅಂತ.

ಅಮ್ಮನದು ಅಲ್ಜೈಮರ್ ಎಂದು ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯೊಂದು ನಮ್ಮ ಕೈಗೆ ಸುಲಭವಾಗಿ ಸಿಗುವುದರಿಂದ, ಎಪ್ಪತ್ತೆರಡಕ್ಕೆ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತುಮಕೂರಿನ ನಮ್ಮ ಬೀದಿಯಲ್ಲೇ ದಾರಿ ತಪ್ಪಿ, ಔಷಧಿ ಅಂಗಡಿಯವನು ಕೈಹಿಡಿದು ಕರೆತಂದ ದಿನ ಬೆಂಗಳೂರಿಗೆ ಹೋದೆವು. ನರರೋಗದ ವೈದ್ಯರು ಮೊದಲು ಕ್ಯಾಪ್ಸೂಲ್ ಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಜೊತೆ. ಪ್ರಮಾಣ ಸ್ವಲ್ಪ ಏರಿಸಿದ್ದೇ ತಡ ಅಮ್ಮನಿಗೆ ಓಕರಿಕೆ ಹತ್ತಿಕೊಂಡಿತು. ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಆಗ ಪ್ಯಾಚಿಗೆ ಬದಲಾಯಿಸಿದರು.

ಅದರ ತರ್ಕ ನನಗೆ ತಕ್ಷಣ ಹಿಡಿಸಿತು. ನಾನು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ನುಂಗಿದ ಮದ್ದು ರಕ್ತದಲ್ಲಿ ಒಮ್ಮೆಲೇ ಏರಿ ಆಮೇಲೆ ಇಳಿಯುತ್ತದೆ. ಆ ಏರುವ ತುದಿಯಲ್ಲೇ ಹೊಟ್ಟೆ ತೊಳಸುವುದು. ಚರ್ಮದ ಮೇಲಿನ ಪ್ಯಾಚಾದರೆ ಇಪ್ಪತ್ತನಾಲ್ಕು ಗಂಟೆ ಒಂದೇ ಸಮನೆ, ಹನಿ ನೀರಾವರಿಯ ಹಾಗೆ, ಇಳಿಸುತ್ತಲೇ ಇರುತ್ತದೆ. ಎರಡನ್ನೂ ಹೋಲಿಸಿದ ದೊಡ್ಡ ಪ್ರಯೋಗವೊಂದು 2007ರಲ್ಲಿ ಪ್ರಕಟವಾಗಿದೆ. ಕ್ಯಾಪ್ಸೂಲ್ ನುಂಗಿದವರಲ್ಲಿ ನೂರಕ್ಕೆ 23 ಜನರಿಗೆ ಓಕರಿಕೆ ಬಂದರೆ, ಪ್ಯಾಚ್ ಹಚ್ಚಿಕೊಂಡವರಲ್ಲಿ ಬಂದದ್ದು ಸುಮಾರು 7 ಜನರಿಗೆ. ಅದೇ ವರ್ಷ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ತರಗತಿಯಲ್ಲಿ ಡಿಫ್ಯೂಷನ್ ಪಾಠ ಮಾಡುವಾಗ ನಾನು ಅಮ್ಮನ ಬಿಲ್ಲೆಯ ಉದಾಹರಣೆಯನ್ನೇ ಕೊಟ್ಟೆ. ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ವಸ್ತು ತಾನೇ ಹರಿಯುತ್ತದೆ, ಯಾರೂ ತಳ್ಳಬೇಕಿಲ್ಲ, ಯಾರಾದರೂ ತೆಗೆಯುವವರೆಗೆ ಹರಿಯುತ್ತಲೇ ಇರುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಿದೆ. ಈ ಕೊನೆಯ ವಾಕ್ಯ ಹೇಳಿದವನು ನಾನೇ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮನೆಯಲ್ಲಿ ಬಿಲ್ಲೆಯ ಜವಾಬ್ದಾರಿ ನನ್ನ ಹೆಂಡತಿಯದು. ತೋಳಿಗೆ ಹಚ್ಚಿದರೆ ಅಮ್ಮ ಕಿತ್ತು ಕನ್ನಡಿಗೆ ಅಂಟಿಸುತ್ತಾಳೆ ಎಂದು ಗೊತ್ತಾದ ಮೇಲೆ ಡಾಕ್ಟರು, ಅವಳ ಕೈಗೆ ಎಟುಕದ ಬೆನ್ನಿಗೆ ಹಚ್ಚಿ ಎಂದಿದ್ದರು. ಬೆಳಿಗ್ಗೆ ಸ್ನಾನವಾದ ಮೇಲೆ ಸೊಸೆ ಅತ್ತೆಯನ್ನು ಕಿಟಕಿಯ ಬಳಿ ಕೂರಿಸುತ್ತಿದ್ದಳು. ಮೊದಲು ಹಳೆಯ ಬಿಲ್ಲೆ ತೆಗೆದು, ಅಂಟು ಒಳಗೆ ಬರುವ ಹಾಗೆ ಅರ್ಧಕ್ಕೆ ಮಡಚಿ, ಅದೇ ಪೊಟ್ಟಣದೊಳಗೆ ತುರುಕಿ, ಮಕ್ಕಳಿಗೂ ಬೆಕ್ಕಿಗೂ ಸಿಗದ ಮುಚ್ಚಳದ ಡಬ್ಬಿಗೆ ಹಾಕುವುದು. ಆಮೇಲೆ ಹೊಸದು. ನಿನ್ನೆ ಬಲ ಭುಜದ ಕೆಳಗೆ ಇದ್ದರೆ ಇವತ್ತು ಎಡಕ್ಕೆ, ನಾಳೆ ಸೊಂಟದ ಮೇಲ್ಭಾಗಕ್ಕೆ. ಹಚ್ಚಿದ ಜಾಗಕ್ಕೇ ಮತ್ತೆ ಹದಿನಾಲ್ಕು ದಿನ ಹಚ್ಚಬಾರದು, ಚರ್ಮ ಕೆರಳುತ್ತದೆ. ಅಂಗೈಯಿಂದ ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಅವಳು ಎಣಿಸುವುದು ಅಮ್ಮನಿಗೆ ಇಷ್ಟ. ಒಂದೊಂದು ದಿನ ಅಮ್ಮನೇ ಎಣಿಸುತ್ತಿದ್ದಳು, ಹದಿನೇಳರ ನಂತರ ಯಾವಾಗಲೂ ಇಪ್ಪತ್ತನಾಲ್ಕಕ್ಕೆ ಹಾರುತ್ತಿದ್ದಳು. ಎಲ್ಲ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು, ಅಲ್ಲಿಯವರೆಗೆ ಕಣ್ಣು ಉಜ್ಜಿಕೊಳ್ಳದೇ ಇರುವುದು.

ತೊಡಕೆಂದರೆ ಎಣ್ಣೆ. ಅಮ್ಮ ತಿಪಟೂರು ಸೀಮೆಯ ತೆಂಗಿನ ತೋಟದ ಹೆಣ್ಣು. ಕೊಬ್ಬರಿ ಎಣ್ಣೆ ಮೈಗೆ ಹಚ್ಚದೆ ಅವಳಿಗೆ ಸ್ನಾನ ಸ್ನಾನವೇ ಅಲ್ಲ. ಎಣ್ಣೆಯ ಮೈಗೆ ಬಿಲ್ಲೆ ಅಂಟುವುದಿಲ್ಲ, ಪೌಡರ್ ಹಾಕಿದ ಮೈಗೂ ಅಂಟುವುದಿಲ್ಲ. ಕೊನೆಗೆ ಕೈಕಾಲಿಗೆ ಎಣ್ಣೆ, ಬೆನ್ನಿಗೆ ಇಲ್ಲ ಎಂದು ಸೊಸೆ ಒಪ್ಪಂದ ಮಾಡಿಕೊಂಡಳು. ಬಿಸಿಯದು ಇನ್ನೊಂದು. ಅಮ್ಮನಿಗೆ ಬೆನ್ನು ನೋವು, ಬಿಸಿನೀರಿನ ಚೀಲ ಬೇಕು. ಬಿಸಿ ತಾಗಿದರೆ ಮದ್ದು ಹೆಚ್ಚಾಗಿ ಇಳಿಯುತ್ತದಂತೆ. ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂರುವುದೂ ನಿಂತಿತು. ಊರಿನಿಂದ ಬಂದ ಮಾವ ಒಬ್ಬರು ಪೊಟ್ಟಣದ ಬೆಲೆ ಓದಿ, "ಅರ್ಧ ಅರ್ಧ ಕತ್ತರಿಸಿ ಹಚ್ಚಿದ್ರೆ ಎರಡು ದಿನ ಬರಲ್ವೇನಯ್ಯಾ" ಎಂದು ಕೇಳಿದರು. ಕತ್ತರಿಸಬಾರದು ಮಾವ ಎಂದು ನನ್ನ ಹೆಂಡತಿ ಪ್ಯಾಚನ್ನು ಅವರ ಕೈಯಿಂದ ಮೆಲ್ಲಗೆ ತೆಗೆದಿಟ್ಟಳು.

ಇಷ್ಟನ್ನೂ ಅವಳು ಪೊಟ್ಟಣದೊಳಗಿನ ಚೀಟಿ ಓದಿ ತಿಳಿದುಕೊಂಡದ್ದು. ನಾನು ಆ ಚೀಟಿ ಓದಿರಲಿಲ್ಲ. ನಾನು ಓದಿದ್ದು ಅಣುವಿನ ಚರಿತ್ರೆ.

ಆ ಚರಿತ್ರೆ ನಿಜಕ್ಕೂ ಚೆನ್ನಾಗಿದೆ. ಇಂದಿನ ನೈಜೀರಿಯದ ಕಲಬಾರ್ ಸೀಮೆಯಲ್ಲಿ ಒಂದು ಬಳ್ಳಿ ಬೆಳೆಯುತ್ತದೆ. ಅದರ ಕಂದುಬಣ್ಣದ ಅವರೆಯಂಥ ಕಾಳು ಕಡು ವಿಷ. ಮಾಟದ ಆರೋಪ ಹೊತ್ತವರಿಗೆ ಅಲ್ಲಿ ಆ ಕಾಳು ತಿನ್ನಿಸಿ ನ್ಯಾಯ ತೀರ್ಮಾನ ಮಾಡುತ್ತಿದ್ದರು. ವಾಂತಿಯಾಗಿ ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. 1855ರಲ್ಲಿ ಎಡಿನ್‌ಬರೋದ ವೈದ್ಯ ರಾಬರ್ಟ್ ಕ್ರಿಸ್ಟಿಸನ್ ಕಾಳಿನ ಒಂದು ಚೂರನ್ನು ತಾನೇ ತಿಂದು ನೋಡಿದ. ಮೈ ಸೋಲತೊಡಗಿದಾಗ ಗಡ್ಡ ಹೆರೆದುಕೊಂಡ ಸೋಪಿನ ನೀರನ್ನೇ ಕುಡಿದು, ಕಕ್ಕಿ ಬದುಕಿದ. ಕಾಳಿನ ಸತ್ವಕ್ಕೆ ಫೈಸೊಸ್ಟಿಗ್ಮಿನ್ ಎಂಬ ಹೆಸರು ಬಂತು. 1935ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದ ಪರ್ಸಿ ಜೂಲಿಯನ್‌ನ ಕತೆಯನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಗುಲಾಮರಾಗಿದ್ದವರ ಮೊಮ್ಮಗ, ಕಪ್ಪು ಮನುಷ್ಯನೆಂದು ಒಳ್ಳೆಯ ಕೆಲಸಗಳು ಕೈತಪ್ಪಿದವ. 1980ರ ದಶಕದಲ್ಲಿ ಜೆರುಸಲೇಮಿನ ಮಾರ್ಟಾ ವೈನ್‌ಸ್ಟಾಕ್ ಎಂಬ ವಿಜ್ಞಾನಿ ಇದೇ ವಂಶದ ಅಣುಗಳ ಮೇಲೆ ಕೆಲಸ ಮಾಡಿ ರಿವಾಸ್ಟಿಗ್ಮಿನ್ ರೂಪಿಸಿದರು.

ಅದು ಮಾಡುವ ಕೆಲಸ ಇಷ್ಟು. ನೆನಪಿಗೆ, ಗಮನಕ್ಕೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ವಸ್ತು ಅಲ್ಜೈಮರ್ ಇರುವವರ ಮಿದುಳಿನಲ್ಲಿ ಕಡಿಮೆಯಾಗುತ್ತದೆ. ಅದನ್ನು ಒಡೆದು ಹಾಕುವ ಕಿಣ್ವವನ್ನು ಈ ಮದ್ದು ತಡೆದು ಹಿಡಿಯುತ್ತದೆ. ಇರುವ ಸ್ವಲ್ಪವೇ ಸ್ವಲ್ಪ ಹೊತ್ತು ಹೆಚ್ಚು ಬಾಳುತ್ತದೆ, ಅಷ್ಟೆ. ಕಾಯಿಲೆ ವಾಸಿಯಾಗುವುದಿಲ್ಲ. ಆದರೆ ಅಸಿಟೈಲ್‌ಕೋಲಿನ್ ಮಿದುಳಿನಲ್ಲಿ ಮಾತ್ರ ಇರುವುದಲ್ಲ. ಹೊಟ್ಟೆಯಲ್ಲಿ ಅದು ಕರುಳನ್ನು ಓಡಿಸುತ್ತದೆ, ಬಾಯಲ್ಲಿ ಜೊಲ್ಲು ಸುರಿಸುತ್ತದೆ, ಹೃದಯದಲ್ಲಿ ಬಡಿತವನ್ನು ನಿಧಾನ ಮಾಡುತ್ತದೆ. ಕಲಬಾರಿನ ಕಾಳು ಮನುಷ್ಯನನ್ನು ಕೊಲ್ಲುತ್ತಿದ್ದದ್ದೂ ಇದೇ ದಾರಿಯಲ್ಲಿ.

ನಮ್ಮ ಹಿತ್ತಲ ಬೇಲಿಯ ದತ್ತೂರಿ ಇದಕ್ಕೆ ತದ್ವಿರುದ್ಧ. ದತ್ತೂರಿಯಲ್ಲಿರುವ ಅಟ್ರೋಪಿನ್, ಸ್ಕೊಪೊಲಮಿನ್‌ಗಳು ಅಸಿಟೈಲ್‌ಕೋಲಿನ್‌ನ ಬಾಗಿಲನ್ನೇ ಮುಚ್ಚಿಬಿಡುತ್ತವೆ. ಅದಕ್ಕೇ ದತ್ತೂರಿ ತಿಂದವನಿಗೆ ಬಾಯಿ ಒಣಗಿ ಬುದ್ಧಿ ಕೆಡುವುದು. ತಮಾಷೆಯೆಂದರೆ 1979ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಪ್ರಯಾಣದ ವಾಂತಿಗೆ ಕಿವಿಯ ಹಿಂದೆ ಹಚ್ಚುವ ಪ್ಯಾಚಿನೊಳಗೆ ಇದ್ದದ್ದು ಆ ಸ್ಕೊಪೊಲಮಿನ್ನೇ. ಈ ವೈರ ಅಮ್ಮನ ಔಷಧಿ ಡಬ್ಬಿಯಲ್ಲೂ ನಡೆದಿತ್ತು. ಪದೇ ಪದೇ ಮೂತ್ರಕ್ಕೆ ಹೋಗುತ್ತಾಳೆಂದು ಬೇರೆ ಡಾಕ್ಟರು ಕೊಟ್ಟಿದ್ದ ಮಾತ್ರೆ ದತ್ತೂರಿಯ ಪಕ್ಷದ್ದು, ಬೆನ್ನಿನ ಬಿಲ್ಲೆ ಕಲಬಾರಿನ ಪಕ್ಷದ್ದು. ಒಂದು ತೆರೆದದ್ದನ್ನು ಇನ್ನೊಂದು ಮುಚ್ಚುತ್ತಿತ್ತು. ಬೆಂಗಳೂರಿನ ವೈದ್ಯರು ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿಸಿ ನೋಡಿ ಅದನ್ನು ನಿಲ್ಲಿಸಿದರು. ನೆಗಡಿಗೆಂದು ಅಂಗಡಿಯಿಂದ ನೀವೇ ತಂದು ಕೊಡುವ ಮಾತ್ರೆಗಳಲ್ಲೂ ಇಂಥವಿರುತ್ತವೆ, ಕೇಳದೆ ಕೊಡಬೇಡಿ ಎಂದರು. ಬಿಪಿಗೆ ತೆಗೆದುಕೊಳ್ಳುತ್ತಿದ್ದ ಅಟೆನೊಲಾಲ್ ಮಾತ್ರೆಯನ್ನು ಬೆರಳಲ್ಲಿ ಹಿಡಿದು, "ಇದೂ ಹಾರ್ಟ್ ನಿಧಾನ ಮಾಡುತ್ತೆ, ಅದೂ ಮಾಡುತ್ತೆ. ನಾಡಿ ನೋಡ್ತಾ ಇರಿ" ಎಂದೂ ಹೇಳಿದರು. ನಾನು ತಲೆಯಾಡಿಸಿದೆ.

ಆಮೇಲಿನ ನಾಲ್ಕು ದಿನದ ಸಂಗತಿ ಇದು.

ನನ್ನ ಹೆಂಡತಿಯ ತಮ್ಮನ ಮದುವೆ ಹಾಸನದಲ್ಲಿ. ಗುರುವಾರ ಬೆಳಿಗ್ಗೆ ಅತ್ತೆಗೆ ಬಿಲ್ಲೆ ಹಚ್ಚಿ ಅವಳು ಬಸ್ ಹತ್ತಿದಳು. ಆ ಹೊತ್ತಿಗೆ ಪ್ರಮಾಣ 9.5 ಮಿಲಿಗ್ರಾಮಿಗೆ ಏರಿತ್ತು, ಬಿಲ್ಲೆಯೂ ದೊಡ್ಡದಾಗಿತ್ತು. ಹೊರಡುವ ಮುಂಚೆ ನನಗೆ ಎಲ್ಲ ಹೇಳಿದಳು. ನಾನು ಪತ್ರಿಕೆ ಓದುತ್ತಾ ಕೇಳಿಸಿಕೊಂಡೆ. ಜಾಗ ಬದಲಿಸಬೇಕು ಎಂಬುದು ತಲೆಯಲ್ಲಿ ಉಳಿಯಿತು.

ಶುಕ್ರವಾರ ಬೆಳಿಗ್ಗೆ ನಾನು ಅಮ್ಮನ ಹಿಂದೆ ನಿಂತು ರವಿಕೆಯ ಹಿಂಭಾಗಕ್ಕೆ ಕೈ ಹಾಕಿದೆ. ಅವಳು ಚಿಟ್ಟನೆ ಚೀರಿದಳು. "ಯಾರೋ ನೀನು! ಹೆಂಗಸರ ಮೈ ಮುಟ್ತೀಯಲ್ಲ, ನಾಚಿಕೆ ಆಗಲ್ವಾ?" ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಬೆನ್ನು ಒತ್ತಿಕೊಂಡಳು. ನಾನು ಮಗ ಕಣಮ್ಮ ಎಂದೆ. ಅವಳ ಕಣ್ಣಿನಲ್ಲಿ ಇದ್ದ ಭಯ ನನ್ನ ಬಗ್ಗೆ. ಅದನ್ನು ವಿವರಿಸಲು ನನಗೆ ಈಗಲೂ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟು, ಅವಳು ಕಾಫಿ ಕುಡಿಯುತ್ತಿದ್ದಾಗ, ಮುಖ ಬೇರೆ ಕಡೆ ತಿರುಗಿಸಿಕೊಂಡು, ಸೀರೆಯ ಅಡಿಯಿಂದ ಕೈ ತೂರಿಸಿ, ಸಿಕ್ಕಿದ ಜಾಗಕ್ಕೆ ಬಿಲ್ಲೆ ಅಂಟಿಸಿ ಕೈ ತೆಗೆದೆ. ಹಳೆಯದನ್ನು ನೋಡಲಿಲ್ಲ. ಬೆನ್ನನ್ನೇ ನೋಡಲಿಲ್ಲ. ಸಂಜೆಯೇ ಅಕ್ಕನಿಗೆ ಫೋನ್ ಮಾಡಿ ಬಾ ಎಂದು ಕರೆದೆ. ಅವಳು ರಾತ್ರಿ ರೈಲಿಗೆ ಬಂದಳು.

ಶನಿವಾರ ಅಕ್ಕ ಅಮ್ಮನಿಗೆ ಸ್ನಾನ ಮಾಡಿಸಿದಳು. ನಾನು ಹಾಲಿನಲ್ಲಿ ಮೌಲ್ಯಮಾಪನದ ಡ್ಯೂಟಿ ಬಗ್ಗೆ ಯಾರೊಂದಿಗೋ ಫೋನಿನಲ್ಲಿ ವಾದ ಮಾಡುತ್ತಿದ್ದೆ. ಕೋಣೆಯಿಂದ ಅವಳು ಕೂಗಿದಳು: "ಏಯ್, ಇಲ್ಲಿ ಹಳೇವು ಎರಡು ಇದಾವೆ ಕಣೋ. ಹಂಗೇ ಇರ್ಲಾ, ತೆಗೀಲಾ?"

ಫೋನಿನ ಬಾಯಿ ಮುಚ್ಚಿ ನಾನು ಹೇಳಿದೆ: "ಇರ್ಲಿ ಬಿಡಕ್ಕ, ತಾವೇ ಉದುರ್ತವೆ. ಜಾಗ ಬದಲಾಯಿಸಿ ಹಚ್ಚು."

ಅವಳು ಜಾಗ ಬದಲಾಯಿಸಿ ಹಚ್ಚಿದಳು. ಭಾನುವಾರವೂ ಹಚ್ಚಿದಳು. ರಸಾಯನಶಾಸ್ತ್ರದ ಮೇಷ್ಟ್ರು ಹೇಳಿದ ಮೇಲೆ ಇನ್ನೇನು ಅನುಮಾನ. ಬೆನ್ನುನೋವಿಗೆ ಹಚ್ಚುವ ಪ್ಲಾಸ್ಟರಿನ ಹಾಗೆ ಇದೂ ಎಂದು ಅವಳು ತಿಳಿದಿದ್ದಳು. ನಾನು ಏನೆಂದು ತಿಳಿದಿದ್ದೆನೋ ನನಗೇ ಗೊತ್ತಿಲ್ಲ. ಹೊತ್ತು ಮುಗಿದ ಬಿಲ್ಲೆ ಎಂದರೆ ಖಾಲಿ ಎಂದು ಅಂದುಕೊಂಡಿರಬೇಕು. 9.5 ಮಿಲಿಗ್ರಾಮಿನ ಬಿಲ್ಲೆಯೊಳಗೆ ತುಂಬಿರುವುದು 18 ಮಿಲಿಗ್ರಾಮ್. ಒಂದು ದಿನ ಕಳೆದು ಬಿಸಾಡುವಾಗಲೂ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮದ್ದು ಉಳಿದೇ ಇರುತ್ತದೆ. ಮಡಚಿ ಡಬ್ಬಿಗೆ ಹಾಕಬೇಕೆಂದು ನನ್ನ ಹೆಂಡತಿ ಹಟ ಹಿಡಿಯುತ್ತಿದ್ದದ್ದು ಅದಕ್ಕೇ.

ಶನಿವಾರ ರಾತ್ರಿ ಅಮ್ಮ ವಾಂತಿ ಮಾಡಿದಳು. ಅಕ್ಕ ತಂದಿದ್ದ ಹಲಸಿನ ತೊಳೆಯ ಮೇಲೆ ದೂರು ಹಾಕಿದೆವು. ಭಾನುವಾರ ಮೂರು ಸಲ ಭೇದಿ. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು, ಅಕ್ಕ ಸೆರಗಿನಿಂದ ಒರೆಸುತ್ತಲೇ ಇದ್ದಳು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅವಳ ಬೆವರು ನಮಗೆ ಬೇರೆಯಾಗಿ ಕಾಣಲಿಲ್ಲ. ಸಂಜೆ ಆರರ ಹೊತ್ತಿಗೆ ಬಚ್ಚಲ ಹೊಸ್ತಿಲ ಮೇಲೆ, ಬೊಟ್ಟುಗಳ ಕನ್ನಡಿಯ ಎದುರು, ಸದ್ದೇ ಇಲ್ಲದೆ ಕುಸಿದಳು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾಡಿ ನಿಮಿಷಕ್ಕೆ 38 ಎಂದು ಯಂತ್ರ ತೋರಿಸುತ್ತಿತ್ತು. ಏನೇನು ಮಾತ್ರೆ ಎಂದು ಡ್ಯೂಟಿ ಡಾಕ್ಟರು ಕೇಳಿದಾಗ ನಾನು ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಎಂದು ಹೇಳಿದೆ. ಬಿಲ್ಲೆ ಬಾಯಿಗೆ ಬರಲಿಲ್ಲ. ಮಾತ್ರೆ ಎಂದರೆ ನುಂಗುವುದು ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಅದನ್ನು ಕಂಡುಹಿಡಿದದ್ದು ಸೀರೆ ಬಿಚ್ಚಿ ಆಸ್ಪತ್ರೆಯ ಅಂಗಿ ತೊಡಿಸುತ್ತಿದ್ದ ನರ್ಸ್. ಪರದೆಯ ಆಚೆಯಿಂದ ಅವರ ದನಿ ಕೇಳಿಸಿತು. "ಸರ್, ಬೆನ್ನ ಮೇಲೆ ಪ್ಯಾಚ್ ಇದೆ. ಒಂದು... ಎರಡು... ಸರ್, ನಾಲ್ಕಿವೆ."

ನಾಲ್ಕನ್ನೂ ಕಿತ್ತರು. ಕಿತ್ತ ಕೂಡಲೇ ನಿಲ್ಲುವುದಿಲ್ಲವಂತೆ, ಚರ್ಮದಲ್ಲಿ ಇಳಿದದ್ದು ಇನ್ನೂ ಕೆಲವು ಗಂಟೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಡ್ರಿಪ್ ಹಾಕಿದರು. ನಾಡಿ ಇನ್ನೂ ಇಳಿದಾಗ ಒಂದು ಇಂಜೆಕ್ಷನ್ ಕೊಟ್ಟರು. ಏನದು ಎಂದು ಕೇಳಿದೆ. ಅಟ್ರೋಪಿನ್ ಎಂದರು. ಬೇಲಿಯ ದತ್ತೂರಿ ನನ್ನ ಅಮ್ಮನ ಹೃದಯವನ್ನು ಮೇಲಕ್ಕೆ ಎಳೆಯುತ್ತಿತ್ತು. ಇನ್ನೊಂದು ಸಮಯದಲ್ಲಾಗಿದ್ದರೆ ಇದನ್ನು ತರಗತಿಯಲ್ಲಿ ಎಷ್ಟು ಚೆಂದ ಹೇಳಬಹುದಿತ್ತು ಎಂಬ ಯೋಚನೆ ಆ ಕ್ಷಣದಲ್ಲೂ ಬಂತು. ಮನಸ್ಸು ಎಂಥ ಲಜ್ಜೆಗೆಟ್ಟದ್ದು ನೋಡಿ.

ಹಿರಿಯ ವೈದ್ಯರೊಬ್ಬರು ಬಂದು ನಮ್ಮಿಬ್ಬರನ್ನೂ ಹೊರಗೆ ಕರೆದರು. "ಇದನ್ನ ಹಚ್ಚೋರು ಯಾರು?" ಎಂದು ಕೇಳಿದರು. ಬೈಗುಳದ ದನಿಯಲ್ಲ, ಬರೆದುಕೊಳ್ಳಲು ಕೇಳಿದ್ದು.

"ಹೆಂಡತಿ ಊರಲ್ಲಿಲ್ಲ ಸಾರ್. ಅಕ್ಕ ನೋಡ್ಕೊತಿದ್ರು" ಎಂದೆ.

ಅಕ್ಕ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ, "ಹೌದು ಡಾಕ್ಟ್ರೇ, ನಂಗೆ ಗೊತ್ತಾಗ್ಲಿಲ್ಲ" ಎಂದಳು.

ಹಳೆಯದನ್ನು ತೆಗೆಯದೆ ಹೊಸದು ಹಚ್ಚುವುದು ಎಲ್ಲ ಕಡೆಯೂ ಆಗುವ ತಪ್ಪು ಎಂದು ಅವರು ಸಮಾಧಾನ ಹೇಳಿದರು. ಅದು ನಿಜ ಎಂದು ಆಮೇಲೆ ಓದಿ ತಿಳಿದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2010ರಷ್ಟು ಹಿಂದೆಯೇ ಇದರ ಬಗ್ಗೆ ವೈದ್ಯರಿಗೆ ಎಚ್ಚರಿಕೆ ಕಳಿಸಿತ್ತು. ಹೀಗೆ ಹಲವು ಪ್ಯಾಚ್ ಒಟ್ಟಿಗೆ ಹಚ್ಚಿ ಸತ್ತವರೂ ಇದ್ದಾರೆ. ಆ ರಾತ್ರಿ ಇದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದಿದ್ದದ್ದೇ ಒಳ್ಳೆಯದಾಯಿತು. ಐಸಿಯು ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಅಕ್ಕ ಮತ್ತು ನಾನು ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಬೆಳಗಿನವರೆಗೆ ಕೂತಿದ್ದೆವು. ಒಂದು ಹೊತ್ತಿನಲ್ಲಿ ಅವಳು ಎದ್ದುಹೋಗಿ ಎರಡು ಲೋಟ ಟೀ ತಂದಳು. ನನ್ನದಕ್ಕೆ ಸಕ್ಕರೆ ಹಾಕಿಸಿರಲಿಲ್ಲ, ನನಗೆ ಶುಗರ್ ಇದೆ ಎಂಬುದು ಅವಳಿಗೆ ನೆನಪಿತ್ತು.

ಮೂರನೆಯ ದಿನ ಅಮ್ಮ ಮನೆಗೆ ಬಂದಳು. ತೂಕ 43 ಕೆಜಿಗೆ ಇಳಿದಿತ್ತು. ಐವತ್ತಕ್ಕಿಂತ ಕಡಿಮೆ ತೂಕದವರಿಗೆ ಈ ಮದ್ದು ಇನ್ನೂ ಜಾಗ್ರತೆಯಿಂದ ಕೊಡಬೇಕಂತೆ. ಅಟೆನೊಲಾಲ್ ಬದಲಿಸಿದರು. ಬಿಲ್ಲೆ ಬೇಕೇ ಬೇಡವೇ ಎಂದು ಬೆಂಗಳೂರಿನ ವೈದ್ಯರನ್ನು ಕೇಳಿದೆವು. ಅವರು ನಮ್ಮನ್ನೇ ತಿರುಗಿ ಕೇಳಿದರು: ಹಚ್ಚಿದ ಮೇಲೆ ಏನಾದರೂ ವ್ಯತ್ಯಾಸ ಕಂಡಿತ್ತೇ? ಕೆಲವರಲ್ಲಿ ಸ್ವಲ್ಪ ಕಾಲ ಸ್ವಲ್ಪ ಹಿಡಿದಿಡುತ್ತದೆ, ಕೆಲವರಲ್ಲಿ ಏನೂ ಇಲ್ಲ, ಅದಕ್ಕೆ ಅಳತೆಗೋಲು ಮನೆಯವರೇ ಎಂದರು. ನಾನು ಸುಮ್ಮನಿದ್ದೆ. ನನ್ನ ಹೆಂಡತಿ ಹೇಳಿದಳು, "ಬೆಳಿಗ್ಗೆ ಹೊತ್ತು ಹೆಸರಿಡಿದು ಕರೀತಿದ್ರು ಸಾರ್. ನಿಲ್ಲಿಸಿದ ಮೇಲೆ ಕರೆದಿಲ್ಲ." ಎರಡು ವಾರ ಬಿಟ್ಟು, ಇಸಿಜಿ ಮಾಡಿಸಿ, ಮತ್ತೆ 4.6ರಿಂದ ಶುರುಮಾಡಿದೆವು. ಮೂರು ದಿನಕ್ಕಿಂತ ಹೆಚ್ಚು ತಪ್ಪಿದರೆ ಬಿಟ್ಟಲ್ಲಿಂದ ಹಿಡಿಯುವ ಹಾಗಿಲ್ಲ, ಚಿಕ್ಕದರಿಂದಲೇ ಏರಬೇಕು.

ನಾನು ಹೇಳಬೇಕಾದದ್ದನ್ನು ಹೇಳಲು ಆರು ತಿಂಗಳು ಹಿಡಿಯಿತು. ಅಷ್ಟೂ ದಿನ ನಮ್ಮ ಬಂಧುಬಳಗದಲ್ಲಿ ಒಂದು ಮಾತು ನೆಲೆಯಾಗಿತ್ತು: ಪಾಪ, ಮಗಳಿಗೆ ತಿಳೀಲಿಲ್ಲ, ಎಸ್ಸೆಸ್ಸೆಲ್ಸಿ ಓದಿದವಳು ತಾನೇ. ಇದನ್ನು ನನ್ನ ಎದುರೇ ಹೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ. ಅಕ್ಕ ಆಮೇಲೆ ಬಂದಾಗಲೆಲ್ಲ ಅಮ್ಮನಿಗೆ ಸ್ನಾನ ಮಾಡಿಸಲು ಮುಂದಾಗುತ್ತಿರಲಿಲ್ಲ. ತಲೆ ಬಾಚುತ್ತಿದ್ದಳು, ಊಟ ಮಾಡಿಸುತ್ತಿದ್ದಳು, ಬೆನ್ನಿನ ಹತ್ತಿರ ಹೋಗುತ್ತಿರಲಿಲ್ಲ. ದೀಪಾವಳಿಯ ದಿನ ಎಣ್ಣೆ ಹಚ್ಚುವಾಗ ನನ್ನ ಹೆಂಡತಿ ಅವಳನ್ನು ಕರೆದಳು. "ಬೇಡ ಕಣಮ್ಮ, ನೀನೇ ಮಾಡು, ನನ್ನ ಕೈ ಸರಿ ಇಲ್ಲ" ಎಂದು ಅಕ್ಕ ಅಡುಗೆಮನೆಗೆ ಹೋದಳು.

ನಾನು ಹಿಂದೆಯೇ ಹೋದೆ. ಒಲೆಯ ಮೇಲೆ ಹೂರಣ ಇತ್ತು. "ಅವತ್ತು ಹಂಗೇ ಇರ್ಲಿ ಅಂದವನು ನಾನು" ಎಂದೆ.

"ಗೊತ್ತು. ನಾನೂ ಇದ್ನಲ್ಲ ಅಲ್ಲಿ." ಅವಳು ಸೌಟು ತಿರುಗಿಸುತ್ತಲೇ ಇದ್ದಳು. "ನಿನ್ನ ಹೆಂಡ್ತಿಗೆ ಹೇಳಿದ್ದೀಯಾ?"

"ಇಲ್ಲ."

"ಹೇಳು."

ಹೇಳಿದೆ. ಅವಳು ಎರಡು ದಿನ ನನ್ನೊಂದಿಗೆ ಮಾತನಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪೊಟ್ಟಣದೊಳಗಿನ ಆ ಚೀಟಿಯನ್ನು ಬಿಡಿಸಿ ನನ್ನ ಕಾಫಿ ಲೋಟದ ಪಕ್ಕದಲ್ಲಿ ಇಟ್ಟಳು. ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಕಾಲೇಜಿಗೆ ಒಂದು ಗಂಟೆ ತಡವಾಯಿತು.

ಈಗ ವಾರದಲ್ಲಿ ಮೂರು ದಿನ ನನ್ನ ಸರದಿ. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಎಲ್ಲಿ ಹಚ್ಚಿದೆವು, ಯಾರು ತೆಗೆದರು ಎಂದು ಬರೆಯುತ್ತೇವೆ. ತೆಗೆದದ್ದನ್ನು ಬರೆಯದೆ ಹಚ್ಚಿದ್ದನ್ನು ಬರೆಯುವ ಹಾಗಿಲ್ಲ. ಬೆನ್ನು, ಸೊಂಟ, ಎರಡೂ ತೋಳು, ಎದೆಯ ಮೇಲ್ಭಾಗ, ಎಲ್ಲ ಕಡೆ ಕಣ್ಣಾಡಿಸಿ ಆಮೇಲೆ ಹೊಸದನ್ನು ಬಿಡಿಸುವುದು. ಹಿಂದಿನ ದಿನದ ಜಾಗ ಸಾಮಾನ್ಯವಾಗಿ ಗುಂಡಗೆ ಕೆಂಪಾಗಿರುತ್ತದೆ, ಒಂದೆರಡು ದಿನದಲ್ಲಿ ಮಾಸುತ್ತದೆ. ಮಾಸದೆ, ಬಿಲ್ಲೆಯ ಅಂಚನ್ನೂ ದಾಟಿ ಹರಡಿದರೆ, ಗುಳ್ಳೆಯೆದ್ದರೆ ಅದು ಅಲರ್ಜಿ, ಡಾಕ್ಟರಿಗೆ ಹೇಳಬೇಕು. ಇಲ್ಲಿಯವರೆಗೆ ಹಾಗಾಗಿಲ್ಲ. ಅಮ್ಮನ ಬೆನ್ನನ್ನು ನಾನು ಈ ಮೊದಲು ನೋಡಿಯೇ ಇರಲಿಲ್ಲ ಅನಿಸುತ್ತದೆ. ಎಡ ಭುಜದ ಮೂಳೆಯ ಕೆಳಗೆ ಒಂದು ಉದ್ದನೆಯ ಹಳೇ ಗಾಯದ ಗುರುತಿದೆ. ತೆಂಗಿನ ಗರಿ ಬಿದ್ದದ್ದು ಎಂದು ಅಕ್ಕ ಹೇಳುತ್ತಾಳೆ, ನಾನು ಹುಟ್ಟುವುದಕ್ಕೆ ಮುಂಚೆ.

ಅವಳು ಹೆದರದೆ ಇರುವ ಉಪಾಯವನ್ನು ಕಲಿಸಿದ್ದು ನನ್ನ ಹೆಂಡತಿ. ಹಿಂದಿನಿಂದ ಬರಬಾರದು. ಮೊದಲು ಎದುರು ಕೂತು ಬಿಲ್ಲೆಯನ್ನು ತೋರಿಸಬೇಕು. ಹೆಸರು ಹೇಳಬಾರದು, ಮಗ ಎಂದು ವಾದಕ್ಕೆ ಹೋಗಬಾರದು. ಹೆಚ್ಚಿನ ದಿನ ನಾನು ಅವಳಿಗೆ ಅವಳ ಅಣ್ಣಯ್ಯ. ತೀರಿಕೊಂಡು ಇಪ್ಪತ್ತು ವರ್ಷವಾದ ದೊಡ್ಡ ಮಾವ. ಅವನೆದುರು ಅವಳಿಗೆ ಸಂಕೋಚವಿಲ್ಲ, ಸೆರಗು ಸರಿಸಿ ಬೆನ್ನು ಕೊಡುತ್ತಾಳೆ.

ಹಚ್ಚುವ ಮುಂಚೆ ಪೆನ್ನಿನಲ್ಲಿ ಬಿಲ್ಲೆಯ ಹೊರಮೈಗೆ ತಾರೀಖು ಬರೆಯುತ್ತೇನೆ. ನಿನ್ನೆಯೂ ಬರೆಯುತ್ತಿದ್ದೆ. ಅವಳು ಬಗ್ಗಿ ನೋಡಿದಳು.

"ಏನು ಬರೀತಿದ್ದೀಯ ಅಣ್ಣಯ್ಯ?"

"ತಾರೀಖು."

"ಕಾಗದನಾ? ಯಾರಿಗೆ?"

ಏನು ಹೇಳುವುದೋ ತಿಳಿಯಲಿಲ್ಲ. "ತಿಪಟೂರಿಗೆ" ಎಂದೆ. ಅಮ್ಮ ಹೌದಾ ಎಂದು ತಲೆಯಾಡಿಸಿ, ತಿರುಗಿ ಕೂತು, ಅಂಗೈ ಒತ್ತಿದ ಕೂಡಲೇ ತಾನೇ ಎಣಿಸಲು ಶುರುಮಾಡಿದಳು. ಹದಿನೇಳರ ನಂತರ ಇಪ್ಪತ್ತನಾಲ್ಕಕ್ಕೆ ಹಾರಿದಳು. ನಾನು ಮನಸ್ಸಿನಲ್ಲೇ ಹದಿನೆಂಟು, ಹತ್ತೊಂಬತ್ತು ಎಂದು ಎಣಿಸುತ್ತಾ ಕೈ ಹಾಗೇ ಇಟ್ಟುಕೊಂಡಿದ್ದೆ.